ಹೊನ್ನಿಯಕ್ಕನ ಗೇಣು

ನವೆಂಬರ್ 18, ಸೋಮವಾರ

ಕರ್ಕಿ ನಾಕಾದಲ್ಲಿ ಬಸ್ಸು ತಡ. ಹೊನ್ನಾವರ ಮುಟ್ಟುವಾಗ ಎಕ್ಸ್‌ರೇ ರೂಮಿನ ಹೊರಗಿನ ಬೆಂಚು ತುಂಬಿತ್ತು. ಕೈ ಮುರಿದವರು, ಸೊಂಟ ಹಿಡಿದವರು. ಕಾಸರಕೋಡದ ಒಬ್ಬ — ಬೋಟಿನಲ್ಲಿ ಜಾರಿ ಬಿದ್ದು ಭುಜ ಊದಿದೆ, ಆದರೂ ಬಾಯಿ ನಿಲ್ಲುವುದಿಲ್ಲ. ಈ ಸಲ ಬಂಗಡೆ ಬರಲೇ ಇಲ್ಲ ಅಂತ ಮಷೀನಿಗೂ ಹೇಳಿದ. ಉಸಿರು ಎಳ್ಕೊಳ್ಳಿ, ಹಿಡೀರಿ, ಬಿಡಿ. ನಿದ್ದೆಯಲ್ಲೂ ಇದನ್ನೇ ಹೇಳುತ್ತೇನೆ ಅಂತ ಗಂಡನ ದೂರು.

ಊಟದ ಹೊತ್ತಿಗೆ ಹೊನ್ನಿಯಕ್ಕ ಬಂದಳು. ಭಾವನ ಹೆಂಡತಿ, ನನ್ನ ವಾರಗಿತ್ತಿ. ಕೆಮ್ಮು ಎರಡು ಮಳೆಗಾಲದಿಂದ ಇದೆ. ಬಾ ಬಾ ಅಂತ ಹೇಳಿ ನನ್ನ ಬಾಯಿ ನೋವಾದ ಮೇಲೆ ಇವತ್ತು ಬಂದಿದ್ದು. ಕರಿಮಣಿ ತೆಗೆಯಬೇಕು ಅಂದದ್ದಕ್ಕೆ ತಕರಾರು.

"ಅದ್ ಕೊರಳಿಂದ ತೆಗಿಯೂದಿಲ್ಲ. ಬೇಕಾರೆ ಬಾಯಲ್ಲಿ ಕಚ್ಕಣ್ತೆ."

ಕಚ್ಚಿಕೊಂಡೇ ನಿಂತಳು. ಉಸಿರು ಹಿಡಿ ಅಂದರೆ ಹಿಡಿಯಲಾಗಲಿಲ್ಲ. ಮೊದಲ ಪಿಕ್ಚರ್ ಅಲ್ಲಾಡಿತು. ಇನ್ನೊಂದು ತೆಗೆದೆ. ಸ್ಕ್ರೀನಿನಲ್ಲಿ ಬಂತು. ಶ್ವಾಸಕೋಶ ಉಬ್ಬಿ ಕೆಳಗಿನವರೆಗೆ ಇಳಿದಿದೆ. ಡಯಾಫ್ರಮ್ ಚಪ್ಪಟೆ. ಬೀಡಿ ಸೇದಿ ಸೇದಿ ಮುದುಕರಾದವರದ್ದು ಹೀಗಿರುತ್ತದೆ. ಅಕ್ಕ ಬೀಡಿ ಮುಟ್ಟಿದವಳಲ್ಲ.

ಡಾಕ್ಟರು ಕೇಳಿದರು — ಅಡಿಗೆ ಯಾವುದರಲ್ಲಿ?

"ಒಲೆಲೇ. ಮತ್ತೆ ಎಂತದ್ರಲ್ಲಿ?"

ಎಷ್ಟು ವರ್ಷದಿಂದ?

"ಮದ್ವೆ ಆಗಿ ಬಂದ್ ಮಾರ್ನೆ ದಿನದಿಂದ."

ಇನ್ಹೇಲರ್ ಬರೆದರು. ನನಗೆ ಇಂಗ್ಲಿಷಿನಲ್ಲಿ ಹೇಳಿದರು — ಹೊಗೆಯಿಂದ ಹೊರಗೆ ತನ್ನಿ, ಇಲ್ಲದಿದ್ದರೆ ಬರುವ ಮಳೆಗಾಲಕ್ಕೆ ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇಡಬೇಕಾದೀತು.

"ಎಂತ ಹೇಳ್ತ್ರು?" ಅಕ್ಕ ಕೇಳಿದಳು.

"ಹೊಗೆ ಕಮ್ಮಿ ಮಾಡ್ಬೇಕಂತೆ."

ಅಷ್ಟೇ ಹೇಳಿದೆ. ವಾಪಸು ಬಸ್ಸಿನಲ್ಲಿ ಕಿಟಕಿ ಸೀಟು ಕೊಟ್ಟೆ. ನಿದ್ದೆ ಹೋದಳು.

ನವೆಂಬರ್ 20

ಮನೆಯಲ್ಲಿ ಗ್ಯಾಸ್ ಇದೆ. ಚಾ ಮಾಡಲಿಕ್ಕೆ. ಹೆಚ್ಚೆಂದರೆ ಭಾರತಿಗೆ ನೂಡಲ್ಸ್. ಭಾರತಿ ನನ್ನ ಮಗಳು — ಹಡೆದದ್ದೊಂದು ನಾನು, ಉಳಿದದ್ದೆಲ್ಲ ಹೊನ್ನಿಯಕ್ಕ. ನನಗೆ ಡ್ಯೂಟಿ, ಅವಳಿಗೆ ಮಕ್ಕಳಿಲ್ಲ. ಮೀಯಿಸಿದ್ದು, ಉಣಿಸಿದ್ದು, ಜ್ವರ ಬಂದರೆ ತೊಡೆ ಮೇಲೆ ಹಾಕಿಕೊಂಡು ಕೂತದ್ದು ಎಲ್ಲ ಅವಳೇ. ಭಾರತಿ ಶಾಲೆಯಿಂದ ಬಂದರೆ ಚೀಲ ಇಡುವುದು ನನ್ನ ಕೋಣೆಯಲ್ಲಲ್ಲ, ಒಲೆಯ ಹತ್ತಿರ.

ಇವತ್ತು ಹೇಳಿ ನೋಡಿದೆ. ಗ್ಯಾಸಲ್ಲೇ ಮಾಡು ಅಕ್ಕ, ಕುಕ್ಕರ್ ಇಟ್ಟರೆ ಆಯ್ತು.

"ಕುಕ್ಕರ್ ಗಂಜಿ ಕೊಡ್ತದ್ಯ? ಗಂಜಿ ಕುಡೀದೆ ನಿಮ್ ಬಾವ ಗದ್ದೆಗ್ ಹೋಪ್ದಿಲ್ಲ. ಕುಚ್ಚಲಕ್ಕಿ ಬೇಯೂವರೆಗೆ ನಿನ್ನ ಗ್ಯಾಸ್ ಮುಗೀತದೆ."

ಅದೂ ಸರಿ.

ನನ್ನ ಗಂಡ ಲೋಕೇಶ ತರಕಾರಿ ಟೆಂಪೋ ಓಡಿಸುವವನು, ಊರೂರು ಸುತ್ತುತ್ತಾನೆ. ಮುರ್ಡೇಶ್ವರದಲ್ಲಿ ಒಬ್ಬರ ಮನೆಯಲ್ಲಿ ನೋಡಿದ್ದನಂತೆ. ಚಿರೆಕಲ್ಲಿನ ಒಲೆ, ಹಿಂದೆ ಸಿಮೆಂಟ್ ಪೈಪು, ಹೊಗೆಯೆಲ್ಲ ಹಂಚಿನ ಮೇಲೆ ಹೋಗುತ್ತದೆ. ಕಟ್ಟುವವನು ಶುಕ್ರ, ನಮ್ಮ ಕಡೆಯವನೇ. ಊಟಕ್ಕೆ ಕೂತಾಗ ಹೇಳಿದ. ಅಕ್ಕ ಬಡಿಸುವುದು ನಿಲ್ಲಿಸಿದಳು.

"ಹೊಗೆ ಒಳಗೆ ಬರೂದೇ ಇಲ್ವ?"

"ಇಲ್ಲ ಅತ್ತಿಗೆ."

"ನಂಗ? ಹೊಸ ಒಲೆ?"

ಮತ್ತೆ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು.

ನವೆಂಬರ್ 24, ಭಾನುವಾರ

ಶುಕ್ರ ಜಾಗ ನೋಡಲು ಬಂದ. ಬಿಳಿ ಅಂಗಿ, ಕಿಸೆಯಲ್ಲಿ ಫೋನು, ಐದು ನಿಮಿಷಕ್ಕೊಮ್ಮೆ ಅದು ಕೂಗುತ್ತದೆ. ಎಲ್ಲ ಕರೆಗೂ ಒಂದೇ ಉತ್ತರ — "ಹೊರಟೆ, ದಾರಿಲಿದ್ದೆ." ನಮ್ಮ ಅಂಗಳದಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ.

ಅತ್ತೆ — ಬಂಗಾರಿ ಅಂತ ಹೆಸರು, ನಾಲಿಗೆ ಕಬ್ಬಿಣ — ಕೇಳಿದಳು. "ಹಳೆ ಒಲೆ ಎಂತ ಮಾಡ್ತ್ರಿ?"

ಒಡೆಯುವುದು ಅಂದೆ. ಅತ್ತೆ ಬೇಡವೇ ಬೇಡ ಅಂದಳು, ಮಾಬ್ಲ ಭಾವನೂ ಹೌದೆಂದು ತಲೆ ಆಡಿಸಿದ. ಹೊಸದು ಉರಿಯುವ ಮೊದಲು ಹಳೆಯದು ಒಡೆಯುವಂತಿಲ್ಲ, ಮನೆಯಲ್ಲಿ ಬೆಂಕಿ ನಿಲ್ಲಬಾರದು. ಆಗ ಹೊಸದಕ್ಕೆ ಜಾಗ ಎಲ್ಲಿ? ಅಡಿಗೆಮನೆಯ ಹಿಂದಿನ ಇಳಿಮಾಡು, ಕಟ್ಟಿಗೆ ಇಡುವ ಜಾಗ. ಅಲ್ಲಿ ಕಟ್ಟಿ, ಉರಿಸಿ, ಆಮೇಲೆ ಹಳೆಯದು ತೆಗೆಯುವುದು. ಆತು ಅಂದರು ಎಲ್ಲರೂ.

ಅಕ್ಕ ಸಂಜೆಯೇ ಕಟ್ಟಿಗೆ ಎಲ್ಲ ಆಚೆ ಸಾಗಿಸಿದಳು. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ಬೇಡ ಅಂದರೆ ಕೇಳುವವಳಲ್ಲ.

ನವೆಂಬರ್ 27

ಅಕ್ಕ ತವರಿಗೆ ಹೋದಳು. ಕುಮಟೆ ಆಚೆ ತೊರ್ಕೆ, ತಮ್ಮನ ಮಗುವಿಗೆ ಹೆಸರಿಡುವುದು. ಹೊಸ ಸೀರೆ, ಮುಡಿಗೆ ಅಬ್ಬಲಿಗೆ. ಬಸ್ಸು ಹತ್ತುವಾಗ ಕೂಗಿ ಹೇಳಿದಳು — ಭಾರತಿಗೆ ಬಿಸಿ ಅನ್ನಕ್ಕೆ ತುಪ್ಪ ಬೇಕು, ಮರೀಬ್ಯಾಡ.

ಇಲ್ಲಿ ಅಡಿಗೆ ಅತ್ತೆಯದು. ಬೆಳಿಗ್ಗೆ ಸೊಪ್ಪು ಬುಟ್ಟಿ ಹೊತ್ತು ಹೊನ್ನಾವರ ಪೇಟೆಗೆ ಹೋಗುತ್ತಾಳೆ, ಮಧ್ಯಾಹ್ನಕ್ಕೆ ಬರುತ್ತಾಳೆ. ಅಷ್ಟರವರೆಗೆ ಎಲ್ಲರೂ ನಿನ್ನೆಯ ಅನ್ನ. ನಾನು ಮೊಟ್ಟೆ ಬೇಯಿಸಿದೆ. ಎರಡು ಒಡೆದವು.

ನವೆಂಬರ್ 29

ರಜೆ ಹಾಕಿದೆ. ಬೆಳಿಗ್ಗೆ ಕಲ್ಲು ಬಂತು. ಶುಕ್ರ ಬಾಚಿ ತೆಗೆದುಕೊಂಡು ಒಂದೊಂದನ್ನೇ ಕೆತ್ತಿ ಮೂಲೆ ಸರಿ ಮಾಡಿದ. ಇಳಿಮಾಡೆಲ್ಲ ಕೆಂಪು ಹುಡಿ. ಕಬ್ಬಿಣದ ಜಾಲರಿ, ಎರಡು ಪಾತ್ರೆ ಕೂರುವ ಜಾಗ, ಹಿಂದೆ ಪೈಪಿಗೆ ತೂತು. ಎಲ್ಲ ಬಾಯಲ್ಲೇ ಹೇಳಿ ಮುಗಿಸಿದ ಮೇಲೆ ಕೈ ಚಾಚಿದ.

"ಗೇಣು ಕೊಡಿ."

ಅರ್ಥ ಆಗಲಿಲ್ಲ. ನಮ್ಮಲ್ಲಿ ಒಲೆಗೆ ಟೇಪು ಹಿಡಿಯುವುದಿಲ್ಲವಂತೆ. ಒಲೆಯ ಬಾಯಿ, ಎತ್ತರ, ಎಲ್ಲ ಅಡಿಗೆ ಮಾಡುವವಳ ಗೇಣಿನಲ್ಲಿ. ನಾನು ಹುಟ್ಟಿದ್ದು ಭಟ್ಕಳ ಪೇಟೆಯಲ್ಲಿ, ಬಾಡಿಗೆ ಮನೆ, ಸ್ಟೋವು. ಇದೆಲ್ಲ ಕೇಳಿದ್ದೇ ಇಲ್ಲ.

"ಹೊನ್ನಿಯಕ್ಕ ಊರಲ್ಲಿಲ್ಲ" ಅಂದೆ.

"ಮತ್ತೆ ಯಾರ್ದು? ಬೇಗ ಹೇಳಿ, ಮಣ್ಣು ಒಣಗ್ತದೆ. ನಾಳೆ ಮಂಕಿಲಿ ಕೆಲಸ ಉಂಟು ನಂಗೆ."

ಅತ್ತೆ ಪೇಟೆಯಲ್ಲಿ. ಭಾವ ಗದ್ದೆಯಲ್ಲಿ. ನನಗೆ ಇರುವುದು ಒಂದು ದಿನ ರಜೆ. ಹೆಂಗಸರ ಗೇಣಿನಲ್ಲಿ ಎಂಥ ವ್ಯತ್ಯಾಸ? ನನ್ನ ಕೈ ಚಾಚಿದೆ. ಇನ್ನೂ ಒಂದು ಹೇಳಿದೆ — ಕೂತು ಮಾಡುವುದು ಬೇಡ, ನಿಂತು ಮಾಡುವಷ್ಟು ಎತ್ತರ ಇರಲಿ. ಬಗ್ಗಿ ಕೂತರೆ ಎದೆ ಒತ್ತುತ್ತದೆ, ಉಸಿರಿಗೆ ಕಷ್ಟ. ನಿಂತರೆ ಸಲೀಸು. ಅಕ್ಕನಿಗೆ ಅದೇ ಒಳ್ಳೆಯದು.

ಶುಕ್ರ ನನ್ನ ಸೊಂಟದ ಹತ್ತಿರ ಕೋಲು ಹಿಡಿದು ಗುರುತು ಹಾಕಿದ. ಸಂಜೆಗೆ ಕಲ್ಲು ಏರಿತು. ಮೇಲೆ ಮಣ್ಣು, ಮೇಲೆ ಸಗಣಿ. ಹೊಸ ಒಲೆ ಚಂದ ಕಾಣುತ್ತದೆ. ಕೈ ಇಟ್ಟು ನೋಡಿದೆ, ತಣ್ಣಗಿತ್ತು. ಖುಷಿಯಾಯಿತು.

ಡಿಸೆಂಬರ್ 1, ಭಾನುವಾರ

ಹಸಿ ಒಲೆಗೆ ಸಣ್ಣ ಬೆಂಕಿ ಹಾಕಿ ಒಣಗಿಸಬೇಕಂತೆ. ಕರಟ ಹಾಕಿ ಹೊತ್ತಿಸಿದ ಶುಕ್ರ. ಹೊಗೆ ಮೇಲೆ ಹೋಗಲಿಲ್ಲ, ತಿರುಗಿ ನಮ್ಮ ಮುಖಕ್ಕೇ ಬಂತು. ಪಡುವಣ ಗಾಳಿಗೆ ಎದುರಾಗಿ ಪೈಪಿನ ಬಾಯಿ ತೆರೆದಿಟ್ಟಿದ್ದ ಮಹಾನುಭಾವ. ಸಮುದ್ರ ಎಲ್ಲಿದೆ ಅಂತ ಗೊತ್ತಿಲ್ಲವೇನೋ ಅಂತ ಲೋಕೇಶ ಕೇಳಿದ. "ಗಾಳಿ ಇವತ್ತೊಂದ್ ಹೊಸ ನಮೂನಿ ಉಂಟು" ಅಂದ ಶುಕ್ರ. ಹಂಚು ಏರಿ ಪೈಪು ಉದ್ದ ಮಾಡಿ, ಮೇಲೆ ತಗಡಿನ ಟೊಪ್ಪಿ ಇಟ್ಟ. ಆಮೇಲೆ ಎಳೆಯಿತು.

ಅಂಗಳಕ್ಕೆ ಹೋಗಿ ನೋಡಿದೆ. ಹಂಚಿನ ಮೇಲೆ ಸಣ್ಣ ಹೊಗೆ, ಒಳಗೆ ಒಂದು ಚೂರೂ ಇಲ್ಲ. ಬರುವ ಮಳೆಗಾಲದ ಹೆದರಿಕೆ ಸ್ವಲ್ಪ ಇಳಿಯಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. ಎಂತದೂ ಅನ್ನಲಿಲ್ಲ. ಅತ್ತೆ ಎಂತದೂ ಅನ್ನದೆ ಇದ್ದದ್ದು ನಾನು ಈ ಮನೆಗೆ ಬಂದ ಮೇಲೆ ಇದೇ ಮೊದಲು.

ಡಿಸೆಂಬರ್ 3

ಅಕ್ಕ ಬಂದಳು. ಚೀಲ ಇಟ್ಟವಳೇ ಇಳಿಮಾಡಿಗೆ ಹೋದಳು. ನಾನೂ ಹಿಂದೆ ಹೋದೆ. ಒಲೆಯ ಎದುರು ನಿಂತಳು. ಕೈ ಬೆರಳು ಬಿಡಿಸಿ ಒಲೆಯ ಬಾಯಿಯ ಮೇಲೆ ಇಟ್ಟಳು. ಬೆರಳು ಎರಡೂ ಕಡೆ ಆಚೆ ಹೋದವು. ಕೈ ತೆಗೆದಳು.

"ಚಂದ ಆತು."

ಅಷ್ಟೇ. ಒಳಗೆ ಹೋಗಿ ಹಳೆ ಒಲೆಗೆ ಕಟ್ಟಿಗೆ ಒಟ್ಟಿದಳು. ಕೆಮ್ಮುತ್ತ ಅನ್ನಕ್ಕಿಟ್ಟಳು.

ಡಿಸೆಂಬರ್ 5

ಇವತ್ತೂ ಹಳೆ ಒಲೆ. ಹೊಸದು ಇನ್ನೂ ಹಸಿ ಇರಬೇಕು ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ. ಸಂಜೆ ಅತ್ತೆ ಬುಟ್ಟಿ ಇಳಿಸುತ್ತ ಬಾಯಿ ಬಿಟ್ಟಳು.

"ಎಂತಕ್ಕೆ ನಿನ್ ಗೇಣು ಕೊಟ್ಟೆ?"

"ಅಕ್ಕ ಇರ್ಲಿಲ್ಲ ಅತ್ತೆ."

"ಯಾರ್ ಗೇಣೋ ಅವ್ಳದೇ ಒಲೆ. ಒಂದ್ ಮನೆಲಿ ಎರಡ್ ಒಲೆ ಅಂದ್ರೆ ಎಂತ ಅರ್ಥ? ಊರಿಗೆಲ್ಲ ಗೊತ್ತಾಯ್ದು. ಪೇಟೆಲಿ ಮೀನ್ ಮಾರುರು ನಂಗೆ ಕೇಳ್ತ್ರು — ಕಿರಿ ಸೊಸೆ ಬೇರೆ ಆದ್ಳಂತಲ ಅಂದಿ."

ಈಗ ತಿಳಿಯಿತು. ಶುಕ್ರ ಚಾದಂಗಡಿಯಲ್ಲಿ ಹೇಳಿದ್ದಾನೆ, ಪವಿತ್ರಕ್ಕನಿಗೆ — ಅಂದರೆ ನನಗೆ — ಒಲೆ ಹಾಕಿ ಬಂದೆ ಅಂತ. ಅಂಗಡಿಯವರು ಉಳಿದದ್ದು ಸೇರಿಸಿದ್ದಾರೆ. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಅಂತ ಎಲ್ಲರೂ ತಲೆ ಆಡಿಸಿದ್ದಾರೆ. ಅಕ್ಕ ಕುಮಟೆಯಿಂದ ಬರುವ ಬಸ್ಸಿನಲ್ಲೇ ಕೇಳಿಸಿಕೊಂಡು ಬಂದಿದ್ದಾಳೆ.

ಸಿಟ್ಟು ಬಂತು. ಯಾರ ಉಸಿರಿಗೆ ಕಟ್ಟಿಸಿದ ಒಲೆ, ಯಾವ ಲೆಕ್ಕ! ಅಕ್ಕನ ಹತ್ತಿರ ಹೋಗಿ ಹೇಳಿದೆ — ನಾನು ಬೇರೆ ಆಗುವುದೂ ಇಲ್ಲ, ಗೀರೆ ಆಗುವುದೂ ಇಲ್ಲ, ಸುಮ್ಮನೆ ಆ ಒಲೆ ಹಚ್ಚು.

"ನಾ ಎಂತ ಅಂದೆ ಮಾರಾಯ್ತಿ?" ಅಂದಳು. ನಗುತ್ತಲೇ. ಹಚ್ಚಲಿಲ್ಲ.

ಡಿಸೆಂಬರ್ 8, ಭಾನುವಾರ

ಇವತ್ತು ನಾನೇ ಹೊಸ ಒಲೆ ಹಚ್ಚಿದೆ. ಉರಿಸಿ ತೋರಿಸಿದರೆ ಸರಿ ಹೋದೀತು ಅಂತ. ಅನ್ನ ಮಾಡಿದೆ. ಒಳಗೆ ಅಕ್ಕನೂ ಮಾಡಿದ್ದಳು. ಒಂದು ಮನೆಯಲ್ಲಿ ಎರಡು ಅನ್ನ.

ಭಾವ ಅಕ್ಕನ ಅನ್ನ ಉಂಡ. ಲೋಕೇಶ ನನ್ನ ಮುಖ ನೋಡಿ ನನ್ನದು ಉಂಡ, ಅದು ಅರ್ಧ ಬೆಂದಿತ್ತು ಪಾಪ. ಭಾರತಿ ದೊಡ್ಡಮ್ಮನದು ಬೇಕು ಅಂತ ಒಳಗೆ ಓಡಿದಳು. ಅತ್ತೆ ಎರಡೂ ಮುಟ್ಟದೆ ಅವಲಕ್ಕಿ ತಿಂದು ಮಲಗಿದಳು.

ಊಟ ಆದ ಮೇಲೆ ಭಾವ ತಮ್ಮನಿಗೆ ಹೇಳಿದ, ತಣ್ಣಗೆ. "ಮನಸಲ್ಲಿದ್ರೆ ಹೇಳು ಲೋಕೇಶ. ಗದ್ದೆ ಅಳ್ಸಿ ಪಾಲು ಮಾಡ್ವ. ಜಗಳ ಬ್ಯಾಡ."

ಲೋಕೇಶ ಎಂಟು ದಿನ ಆದರೂ ಮಾತಾಡದೆ ಇರಬಲ್ಲ. ಅಣ್ಣನ ಹತ್ತಿರ ಆ ಮೌನ ಅಲ್ಲಿಂದ ಶುರು ಮಾಡಿದ.

ಹೊಸ ಒಲೆಯ ಬೆಂಕಿ ಆರಿಸಿದೆ. ನೀರು ಹಾಕಬಾರದಿತ್ತು, ಮಣ್ಣು ಬಿರಿಯಿತು. ಎಲ್ಲರ ಮನೆ ದೋಸೆನೂ ತೂತೇ ಅಂತಾರೆ. ನಮ್ಮದರಲ್ಲಿ ದೋಸೆ ಎಲ್ಲಿದೆ ಅಂತ ಹುಡುಕಬೇಕು.

ಡಿಸೆಂಬರ್ 22, ಭಾನುವಾರ

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಇವತ್ತು ಭತ್ತ ಬೇಯಿಸುವ ದಿನ. ಪ್ರತಿ ವರ್ಷ ಅಂಗಳದಲ್ಲಿ. ಅಕಾಲದ ಮಳೆ ಬಿದ್ದು ಅಂಗಳ ಕೆಸರು, ಹಾಗಾಗಿ ಹಂಡೆ ಒಳಗೆ ಬಂತು, ಹಳೆ ಒಲೆಗೆ. ಕಟ್ಟಿಗೆಯೂ ನೆನೆದಿತ್ತು. ಇಳಿಮಾಡಿನ ಒಲೆ ಖಾಲಿ ಇತ್ತು. ಅಲ್ಲಿಡಿ ಅಂದೆ. ಯಾರೂ ತಿರುಗಿ ನೋಡಲಿಲ್ಲ. ನಾನೂ ಹೆಚ್ಚು ಹೇಳಲಿಲ್ಲ. ಬಟ್ಟೆ ಒಗೆಯಲು ಬಾವಿ ಕಡೆ ಹೋದೆ.

ಭಾರತಿ ಕೂಗುತ್ತ ಓಡಿ ಬಂದಳು. ಒಳಗೆ ಕಣ್ಣು ಬಿಡಲಾಗದಷ್ಟು ಹೊಗೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿ. ಕೈಯಲ್ಲಿ ಊದುಗೊಳವೆ ಹಾಗೇ ಇತ್ತು. ಊದಲು ಹೋಗಿದ್ದಾಳೆ — ಆ ಎದೆಯಲ್ಲಿ! ಟೆಂಪೋದಲ್ಲಿ ಕೊತ್ತಂಬರಿ ಕಟ್ಟುಗಳ ನಡುವೆ ಮಲಗಿಸಿ ತಂದೆವು. ಲೋಕೇಶ ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಅಕ್ಕ ಏನೋ ಹೇಳಲು ನೋಡಿದಳು. ಮಾತಾಡಬೇಡ ಅಂತ ಗದರಿದೆ.

ಈಗ ಆಕ್ಸಿಜನ್ ಹಾಕಿದ್ದಾರೆ. ಮಲಗಿದ್ದಾಳೆ. ನನಗೆ ಬಹಳ ಹೆದರಿಕೆ ಆಗಿದೆ. ಬರೆದಿಟ್ಟರೆ ಕಮ್ಮಿಯಾಗುತ್ತದೆ ಅಂದುಕೊಂಡೆ. ಆಗಲಿಲ್ಲ.

ಡಿಸೆಂಬರ್ 24

ಮಾಸ್ಕ್ ತೆಗೆದು ಮೂಗಿಗೆ ಸಣ್ಣ ನಳಿಗೆ ಹಾಕಿದರು. ಮಾತಾಡಬಹುದು. ನಾನು ಡ್ಯೂಟಿ ಮುಗಿಸಿ ಹೋದೆ, ಭಾವ ಚಾ ಕುಡಿಯಲು ಇಳಿದ. ನಾವಿಬ್ಬರೇ.

ಬೇರೆ ಆಗುವ ಮಾತು ನನ್ನ ತಲೆಯಲ್ಲಿ ಯಾವತ್ತೂ ಇರಲಿಲ್ಲ ಅಂತ ಮತ್ತೆ ಶುರು ಮಾಡಿದೆ. ಅಕ್ಕ ಕೈ ಎತ್ತಿ ನಿಲ್ಲಿಸಿದಳು.

"ಅದ್ ನಂಗೊತ್ತಿತ್ತು. ನೀ ಬೇರೆ ಆಗಿ ಎಂತ ತಿಂತೆ? ಅರ್ಧ ಬೆಂದ ಅನ್ನ?"

ಮತ್ತೆ ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು.

"ನಾ ಬಂದಾಗ ಅತ್ತೆ ಒಲೆ. ಅವ್ಳ ಗೇಣಿಂದು. ಅವ್ಳು ಗಿಡ್ಡ, ನಾ ಉದ್ದ. ಬಗ್ಗಿ ಬಗ್ಗಿ ಮುಖ ಹೊಗೆಲೇ. ಇರ್ಲಿ, ಹಿರಿಯವ್ಳು ಅಂದಿ ಸುಮ್ನಿದ್ದೆ. ಈಗ ಹೊಸ ಒಲೆ ಅಂದ್ರಿ. ತೊರ್ಕೆಲಿ ಎಲ್ಲರ ಹತ್ರ ಹೇಳ್ಕಂಡೆ, ನಂಗೊಂದ್ ಒಲೆ ಕಟ್ತ್ರು ಅಂದಿ. ಹಡದ್ ಅಬ್ಬಿ ಹತ್ರನೂ ಹೇಳ್ದೆ. ಬಂದ್ ನೋಡಿರೆ ಅದ್ ನಿನ್ ಸೊಂಟಕ್ಕಿತ್ತು."

"ನಿಂತು ಮಾಡಿದ್ರೆ ನಿಂಗೆ ಒಳ್ಳೇದು ಅಂತ ಅಕ್ಕ—"

"ನಂಗೆ ಒಳ್ಳೇದ್ ಎಂತದು ಅಂತ ನಂಗ್ ಕೇಳೂಕೆ ಎಂತ ಆಗಿತ್ತು? ಫೋನ್ ಇತ್ತಲ ನನ್ನ ಹತ್ರ. ನಿಂತ್ರೆ ನನ್ ಕಾಲ್ ನಡುಗ್ತದೆ. ಕೂಕಂಡ್ರೇ ಉಸ್ರು ಸಮ."

ನಾಚಿಕೆಯಾಯಿತು. ದಿನಾ ಎಷ್ಟು ಜನರ ಎದೆ ನೋಡುತ್ತೇನೆ. ಈ ಒಬ್ಬಳ ಹತ್ತಿರ ನಿನಗೆ ಕೂತರೆ ಉಸಿರೋ ನಿಂತರೆ ಉಸಿರೋ ಅಂತ ಕೇಳಲಿಲ್ಲ. ಊರವರು ಬೇರೆ ಆದಳು ಅಂತ ಒಂದು ಕಥೆ ಕಟ್ಟಿದರು, ನಾನೂ ಆ ಕಥೆಗೇ ಉತ್ತರ ಕೊಡುತ್ತಿದ್ದೆ. ಅಕ್ಕನಿಗೆ ಬೇಕಿದ್ದದ್ದು ಒಂದು ಒಲೆ, ಅವಳ ಅಳತೆಯದು.

ಕೈ ಕೊಡು ಅಂದೆ. ಎಡಗೈಯಲ್ಲಿ ಸೂಜಿ ಚುಚ್ಚಿ ಅಂಟು ಹಾಕಿದ್ದರು. ಬಲಗೈ ಕೊಟ್ಟಳು. ದಾರ ಇರಲಿಲ್ಲ. ನರ್ಸ್ ಹತ್ತಿರ ಬ್ಯಾಂಡೇಜ್ ಪಟ್ಟಿ ಕೇಳಿ ತಂದೆ. ಹೆಬ್ಬೆರಳಿನಿಂದ ಕಿರುಬೆರಳಿಗೆ ಎಳೆದು ಕತ್ತರಿಸಿದೆ. ಇಷ್ಟು ದೊಡ್ಡ ಕೈ.

"ಸಮ ಹಿಡಿ" ಅಂದಳು. "ಜಗ್ಗಬ್ಯಾಡ, ಬ್ಯಾಂಡೇಜ್ ಉದ್ದ ಆಗ್ತದೆ."

ಡಿಸೆಂಬರ್ 28, ಶನಿವಾರ

ಶುಕ್ರ ಬಂದ. ತನ್ನ ಒಲೆ ತಾನೇ ಒಡೆಯಬೇಕು ಅಂದದ್ದಕ್ಕೆ ಮುಖ ಊದಿಸಿದ. ಊರಲ್ಲಿ ಮರ್ಯಾದೆ ಹೋಗುತ್ತದಂತೆ. "ನೀ ಚಾದಂಗಡಿಲಿ ನಮ್ ಮರ್ಯಾದೆ ತೆಗದ್ಯಲ, ಈಗ ಸಮ ಆತು" ಅಂದಳು ಅತ್ತೆ. ಬಾಚಿ ಎತ್ತಿದ. ಬ್ಯಾಂಡೇಜ್ ಪಟ್ಟಿ ಕೊಟ್ಟಾಗ ಮೂಸಿ ನೋಡಿದ. "ಡೆಟ್ಟಾಲ್!" ಆದರೂ ಅದರಲ್ಲೇ ಅಳೆದ.

ಕಲ್ಲು ಇಳಿಸಿದ್ದು ನಾನೂ ಲೋಕೇಶನೂ. ಚಿರೆಕಲ್ಲು ಕೈ ತರಚುತ್ತದೆ. ಕೂತು ಮಾಡುವ ಎತ್ತರಕ್ಕೆ ಕಟ್ಟಿದ. ಬಾಯಿ ಅಗಲ. ಲೋಕೇಶ ಮಣ್ಣು ಕಲಸುತ್ತ ಅಣ್ಣನನ್ನು ಕರೆದು ನೀರು ಕೇಳಿದ. ಇಪ್ಪತ್ತು ದಿನ ಆದ ಮೇಲೆ ಅವನು ಭಾವನ ಹತ್ತಿರ ಆಡಿದ ಮೊದಲ ಮಾತು — "ಇನ್ನೊಂದ್ ಕೊಡ ತಾ". ಭಾವ ಎರಡು ತಂದ.

ಡಿಸೆಂಬರ್ 31

ಅಕ್ಕ ಮನೆಗೆ ಬಂದಳು. ಒಣಗುವವರೆಗೆ ಗ್ಯಾಸು, ಕುಕ್ಕರು. ಗಂಜಿ ಇಲ್ಲದೆ ಭಾವ ಗದ್ದೆಗೆ ಹೋದ. ಸತ್ತೇನೂ ಹೋಗಲಿಲ್ಲ.

ಜನವರಿ 7

ಬೆಳಿಗ್ಗೆ ಧಡ್ ಧಡ್ ಅಂತ ಸದ್ದು. ಎದ್ದು ಹೋದರೆ ಅತ್ತೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಹಾರೆ ಹಿಡಿದು ಹಳೆ ಒಲೆ ಒಡೆಯುತ್ತಿದ್ದಳು. ಮಸಿಯಲ್ಲಿ ಮುಖ ಕಪ್ಪು. ಹೊಸದಿನ್ನೂ ಉರಿದಿಲ್ಲ ಅತ್ತೆ, ಹಳೆಯದು ಒಡೆಯಬಾರದಲ್ಲ ಅಂದೆ.

"ಬಾರದು ಅಂದವ್ಳೂ ನಾನೇ. ಒಡೀತೆ ಅಂಬವ್ಳೂ ನಾನೇ. ಎಂತ ಈಗ?"

ಬುಟ್ಟಿಯಲ್ಲಿ ಮಣ್ಣು ತುಂಬಿದಳು. ನಾನು ಹಿಡಿಯಲು ಹೋದರೆ ಕೊಡಲಿಲ್ಲ.

"ಹೊನ್ನಿ ಬಂದ್ ವರ್ಷವೇ ಒಡೀಬೇಕಿತ್ತು. ನನ್ ಒಲೆ ನನ್ ಒಲೆ ಅಂದಿ ಇಟ್ಕಂಡೆ. ನಾ ಪೇಟೆಗ್ ಹೋಪ್ಳು, ಹೊಗೆ ಕುಡದವ್ಳು ಅವ್ಳು."

ಮಸಿ ಮೂಗಿಗೆ ಹೋಗಬಾರದು ಅಂತ ಅಕ್ಕನನ್ನು ಜಗಲಿಯಲ್ಲೇ ಕೂರಿಸಿದ್ದರು. ಸದ್ದು ಅವಳಿಗೂ ಕೇಳಿಸಿತು. ಅತ್ತೆ ಇವತ್ತು ಪೇಟೆಗೆ ಹೋಗಲಿಲ್ಲ, ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಮುಖ ತೊಳೆದಳು.

ಜನವರಿ 12, ಭಾನುವಾರ

ಒಲೆ ಒಣಗಿತು. ಬಿರುಕು ಇಲ್ಲ.

ಅಕ್ಕ ಮಿಂದು ಬಂದಳು. ಒಲೆಗೆ ಕುಂಕುಮ ಇಟ್ಟು ಮಣೆ ಎಳೆದುಕೊಂಡು ಕೂತಳು. ಬೆನ್ನು ನೆಟ್ಟಗೆ. ಅವಳು ಇಷ್ಟು ಎತ್ತರದವಳು ಅಂತ ನನಗೆ ಇವತ್ತು ಗೊತ್ತಾಯಿತು. ಮದುವೆಯಾಗಿ ಬಂದಾಗಿನಿಂದ ಬಗ್ಗಿದ್ದನ್ನೇ ನೋಡಿದ್ದೆ. ಒಣಗಿದ ತೆಂಗಿನ ಮಡ್ಲು ಮುರಿದು ಹಾಕಿ ಹಚ್ಚಿದಳು. ಪೈಪು ಎಳೆಯಿತು. ಭಾರತಿ ಅಂಗಳಕ್ಕೆ ಓಡಿ, ಬಂತು ಬಂತು ಅಂತ ಕೂಗಿದಳು. ಭಾವ, ಲೋಕೇಶ, ಅತ್ತೆ ಎಲ್ಲರೂ ಮಾಡಿನ ಮೇಲೆ ಹೊಗೆ ನೋಡಲು ಹೊರಗೆ ಹೋದರು. ಜಾತ್ರೆ ಬಂದ ಹಾಗೆ.

ನಾನು ಒಳಗೇ ಇದ್ದೆ. ಅಕ್ಕ ಬೆಂಕಿ ನೋಡುತ್ತ ಕೇಳಿದಳು.

"ಪವಿತ್ರಾ, ನನ್ ಎದೆ ಪೋಟ ನೀ ನೋಡಿದ್ಯಲ. ಇನ್ ಹೊಗೆ ಇಲ್ಲ. ನಂಗ್ ಗುಣ ಆಗ್ತದ್ಯ?"

ದಿನಾ ಯಾರಾದರೂ ಕೇಳುವ ಪ್ರಶ್ನೆ. ಡಾಕ್ಟರ ಹತ್ತಿರ ಕೇಳಿ ಅಂದು ಮುಂದಿನವರನ್ನು ಕರೆಯುತ್ತೇನೆ. ಇಲ್ಲಿ ಮುಂದಿನವರು ಯಾರೂ ಇರಲಿಲ್ಲ. ಸುಳ್ಳು ಹೇಳುವುದು ಸುಲಭ ಇತ್ತು.

"ಹೋದದ್ದು ಬರೂದಿಲ್ಲ ಅಕ್ಕ. ಇದ್ದದ್ದು ಉಳೀತದೆ. ಜೋಪಾನ ಮಾಡಿದ್ರೆ."

ಒಂದು ಕಟ್ಟಿಗೆ ಒಳಗೆ ದೂಡಿದಳು. ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ.

"ನಂಗ್ ಹಂಗೇ ಕಂಡಿತ್ತು. ಯಾರಾರೂ ಒಬ್ರು ಹೇಳ್ಲಿ ಅಂದಿ ಕಾಯ್ತಿದ್ದೆ."

ಅನ್ನದ ಪಾತ್ರೆಯ ಮುಚ್ಚಳ ಸರಿಸಿ ನೋಡಿದಳು. ಆಮೇಲೆ ಪಕ್ಕದ ಜಾಗ ಕೈಯಿಂದ ಒರೆಸಿದಳು.

"ಬಾ, ಕೂಕ. ಇವತ್ತಿಂದ ಕಲಿ. ನಾ ಇದ್ದಾಗ ಕಲ್ತ್ರೆ ಬೈಸ್ಕಂಡಾರೂ ಕಲೀತೆ. ಭಾರತಿ ಅರ್ಧ ಬೆಂದದ್ ಉಣ್ಬಾರದು."

ಕೂತೆ. ಒಲೆ ನನ್ನ ಎದೆಯವರೆಗೆ ಬಂತು. ಪಾತ್ರೆಯ ಒಳಗೆ ಕಾಣುವುದಿಲ್ಲ. ಅಕ್ಕ ನಕ್ಕಳು, ನಕ್ಕು ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕಳು. "ಎರಡ್ ಮಣೆ ಹಾಕ್ಕ. ನನ್ ಅಳತೆ ನಿಂಗ್ ಸಾಲೂದಿಲ್ಲ."

ಎರಡು ಮಣೆ ಹಾಕಿ ಕೂತೆ. ಕಣ್ಣಲ್ಲಿ ನೀರು ಬಂತು. ಮೊದಲಾದರೆ ಹೊಗೆ ಅನ್ನಬಹುದಿತ್ತು. ಈಗ ಹೊಗೆಯೆಲ್ಲ ಮಾಡಿನ ಮೇಲೆ. ಅಕ್ಕ ನೋಡಿದಳು, ನೋಡದವಳ ಹಾಗೆ ಸೌಟು ಕೈಗೆ ಕೊಟ್ಟಳು.

ಅನ್ನ ಕುದಿಯುವವರೆಗೆ ಅಂತ ಜಗಲಿಗೆ ಬಂದು ಇಷ್ಟು ಬರೆದೆ. ಕರೆಯುತ್ತಿದ್ದಾಳೆ. ಗಂಜಿ ಬಸಿಯುವ ಹೊತ್ತಂತೆ, ತಡ ಮಾಡಿದರೆ ಮುದ್ದೆಯಾಗುತ್ತದಂತೆ. ಮತ್ತೆ ಕರೆದಳು. ಬಂದೆ ಅಕ್ಕ, ಬಂ—